ಮೊದಲು ಹಾಲಿನ ಉರಿ ಸಣ್ಣ ಮಾಡಿ

ಹಕ್ಕಿ ನೋಡೋದಕ್ಕೆ ನಾನು ಹೇಳುವ ಮೊದಲ ಪಾಠ ಇದೇ. ಅನುಭವದ ಮಾತು. ಮೈಸೂರಿನ ನಮ್ಮ ಅಡುಗೆಮನೆ ಕಿಟಕಿಯಾಚೆ ಒಂದು ನುಗ್ಗೆಮರ, ಒಂದು ಒಗೆಯುವ ಕಲ್ಲು, ಪಕ್ಕದ ಮನೆಯವರ ಕಾಂಪೌಂಡು ಇವೆ. ನನ್ನ ಕಾಡು ಇಷ್ಟೇ. ಇಷ್ಟರಲ್ಲೇ ಆರು ವರ್ಷದಲ್ಲಿ 31 ಬಗೆಯ ಹಕ್ಕಿ ಕಂಡಿವೆ. ಹಾಲು ಎಷ್ಟು ಸಲ ಉಕ್ಕಿತು ಅನ್ನೋ ಲೆಕ್ಕ ಇಟ್ಟಿಲ್ಲ.

ನೋಡುವ ಜಾಗ ಒಂದೇ ಇರಲಿ. ಬೆಳಗ್ಗೆ ಆರೂವರೆಯಿಂದ ಏಳು ಗಂಟೆ ಒಳ್ಳೆಯ ಹೊತ್ತು. ಮೊದಲ ಐದು ನಿಮಿಷ ಏನೂ ಕಾಣೋದಿಲ್ಲ. ಏಳಬೇಡಿ. ನೀವು ಅಲುಗಾಡದೆ ಇದ್ದರೆ ಹಕ್ಕಿಗಳು ನಿಮ್ಮನ್ನು ಲೆಕ್ಕಕ್ಕೇ ಇಡೋದಿಲ್ಲ.

ಹೆಸರಿಗೆ ಅವಸರ ಮಾಡಬೇಡಿ. ಏನು ಮಾಡ್ತಿದೆ ನೋಡಿ. ಕಾಜಾಣ ತಂತಿಯಿಂದ ಹಾರಿ, ಹುಳ ಹಿಡಿದು, ಮತ್ತೆ ಅದೇ ತಂತಿಗೆ ಬರುತ್ತದೆ. ನುಗ್ಗೆ ಹೂ ಬಿಟ್ಟಾಗ ಸೂರಕ್ಕಿ ಕೊಕ್ಕು ತೂರಿಸಿ ಮಕರಂದ ಹೀರುತ್ತದೆ. ಇಷ್ಟು ನೋಡಿದ ಮೇಲೆ ಹೆಸರು ತಾನಾಗಿ ನೆನಪಲ್ಲಿ ಕೂರುತ್ತದೆ. ನಮ್ಮ ಒಗೆಯುವ ಕಲ್ಲಿನ ಮೇಲೆ ಬಾಲ ಎತ್ತಿ ಕೂರುವ ಕಪ್ಪು ಬಿಳುಪು ಹಕ್ಕಿಯ ಹೆಸರು ಮಡಿವಾಳ ಅಂತ ಗೊತ್ತಾದ ದಿನ ಒಬ್ಬಳೇ ನಕ್ಕಿದ್ದೆ.

ತಪ್ಪೂ ಆಗುತ್ತದೆ. ಮೈತುಂಬ ಚುಕ್ಕೆ ಇರುವ ಕಂದು ಹಕ್ಕಿಯೊಂದನ್ನು ಕಾಗೆಗಳು ಅಟ್ಟಿಸಿಕೊಂಡು ಹೋಗುತ್ತಿದ್ದವು. ಎರಡು ಬೇಸಿಗೆ ಅದನ್ನು ಗಿಡುಗ ಅಂದುಕೊಂಡೇ ಇದ್ದೆ. ಅದು ಹೆಣ್ಣು ಕೋಗಿಲೆ! ಕುಹೂ ಅನ್ನೋದು ಕರಿಯ ಗಂಡು. ಹೆಣ್ಣಿನದು ಕಿಕ್ ಕಿಕ್ ಅನ್ನುವ ಚೀರಾಟ. ಕಾಗೆ ಗೂಡಲ್ಲಿ ಮೊಟ್ಟೆ ಇಟ್ಟು ಹೋಗುವವಳನ್ನು ಕಂಡರೆ ಕಾಗೆಗೆ ಸಿಟ್ಟು ಬರೋದಿಲ್ವಾ?

ಬೈನಾಕ್ಯುಲರ್ ಆಮೇಲೆ ಕೊಳ್ಳಿ. ಕೊಳ್ಳುವಾಗ 8x42 ಅಂತ ಇರೋದು ಸಾಕು. ಎಂಟು ಪಟ್ಟು ಹತ್ತಿರ ಕಾಣುತ್ತದೆ, ಮುಂದಿನ ಗಾಜು 42 ಮಿಲಿಮೀಟರ್ ಅಗಲ ಅಂತ ಅರ್ಥ. ಮೊದಲ ವಾರ ನಾನು ಬರೀ ಎಲೆ ನೋಡಿದೆ. ಉಪಾಯ ಇಷ್ಟೆ: ಹಕ್ಕಿ ಮೇಲಿಟ್ಟ ಕಣ್ಣು ಕೀಳದೆ ಬೈನಾಕ್ಯುಲರನ್ನೇ ಕಣ್ಣಿಗೆ ತನ್ನಿ. ಮರ್ಲಿನ್ ಅನ್ನೋ ಪುಕ್ಕಟೆ ಆ್ಯಪ್ ಕೂಗು ಕೇಳಿ ಹೆಸರು ಹೇಳುತ್ತದೆ. ಆದರೂ ಒಮ್ಮೆ ಕಣ್ಣಿಂದ ನೋಡಿ ನಂಬಿ.

ನೀರಿಡೋದಾದರೆ ಅಗಲದ ಮಣ್ಣಿನ ತಟ್ಟೆ ತನ್ನಿ. ಎರಡು ಇಂಚಿಗಿಂತ ಆಳ ಬೇಡ, ಮಧ್ಯೆ ಒಂದು ಕಲ್ಲಿಡಿ. ದಿನಾ ತೊಳೆದು ನೀರು ಬದಲಿಸಿ, ಇಲ್ಲದಿದ್ದರೆ ಸೊಳ್ಳೆ ಸಾಕಿದ ಹಾಗಾಗುತ್ತದೆ. ಬೆಕ್ಕು ಅಡಗಿ ಕೂರುವ ಗಿಡದ ಬುಡದಲ್ಲಿ ಮಾತ್ರ ಇಡಬೇಡಿ. ನಾನು ಇಟ್ಟು, ಒಂದು ಪಿಕಳಾರ, ಅಂದರೆ ಬುಲ್‌ಬುಲ್ ಹಕ್ಕಿ, ಕಳಕೊಂಡೆ. ಆ ವಿಷಯ ಜಾಸ್ತಿ ಹೇಳೋದಿಲ್ಲ.

ಕಂಡಿದ್ದನ್ನು ನಾನು ಹಾಲಿನ ಲೆಕ್ಕದ ಕ್ಯಾಲೆಂಡರಿನಲ್ಲೇ ಬರೆಯೋದು. 'ಅರ್ಧ ಲೀಟರ್ ಜಾಸ್ತಿ. ಟುವ್ವಿ ಎಲೆ ಹೊಲೀತಿದೆ.' ಟುವ್ವಿ ಅಂದರೆ ಎಲೆ ಹೊಲಿದು ಗೂಡು ಕಟ್ಟುವ ಪುಟ್ಟ ಹಕ್ಕಿ. ನಮ್ಮ ಯಜಮಾನರು ನಗುತ್ತಾರೆ. ಆದರೆ ಹಳೆ ಕ್ಯಾಲೆಂಡರ್ ತೆಗೆದು ನೋಡಿದರೆ ಗೊತ್ತಾಗುತ್ತದೆ: ಚಳಿಗಾಲಕ್ಕೆ ಉತ್ತರದಿಂದ ಬರುವ ಬೂದು ಕುಂಡೆಕುಸ್ಕ ಪ್ರತಿ ವರ್ಷ ಹೆಚ್ಚುಕಮ್ಮಿ ಅದೇ ವಾರ ನಮ್ಮ ತಾರಸಿಯಲ್ಲಿ ಇಳಿಯುತ್ತದೆ. ಗುಬ್ಬಿಯಷ್ಟೇ ಮೈ, ಉದ್ದ ಬಾಲ, ನಿಂತಲ್ಲಿ ನಿಲ್ಲದೆ ಕುಣಿಸುತ್ತಲೇ ಇರುತ್ತದೆ. ಹಿಮಾಲಯದ ಕಡೆಯಿಂದ ನಮ್ಮ ಟ್ಯಾಂಕಿಗೆ!

ಈ ಸಲ ಸೆಪ್ಟೆಂಬರ್ ಕೊನೆಯಲ್ಲಿ ಬಂತು. ಟ್ಯಾಂಕ್ ತುಂಬಿ ಚೆಲ್ಲುತ್ತಿತ್ತು, ಅದು ಆ ನೀರಲ್ಲೇ ಓಡಾಡುತ್ತಿತ್ತು. ಮೋಟರ್ ಆಫ್ ಮಾಡಲು ಎರಡು ನಿಮಿಷ ತಡ ಮಾಡಿದೆ.