ಅಮೆರಿಕನ್ ಫುಟ್‌ಬಾಲ್‌ನಲ್ಲಿ ಸೇಫ್ಟಿಯ ಬೆಲೆ ಕಟ್ಟುವ ಬಗೆ

ನವಲಗುಂದ, ನರಗುಂದದ ಕಡೆಯ ಎರೆ ಹೊಲಗಳಲ್ಲಿ ಹಿಂಗಾರಿ ಜೋಳ ಹಾಲುಗಾಳು ಕಟ್ಟುವ ಹೊತ್ತಿಗೆ ಅಟ್ಟದ ಮೇಲೆ ಕವಣೆ ಹಿಡಿದು ನಿಲ್ಲುವವನಿಗೆ, ಎಷ್ಟು ಹಕ್ಕಿ ಹೊಡೆದೆ ಎಂದು ಕೇಳಿ ಯಾರೂ ಕೂಲಿ ಕೊಡುವುದಿಲ್ಲ. ರಾಶಿಯ ದಿನ ತೆನೆಯಲ್ಲಿ ಕಾಳು ಉಳಿದಿದೆಯೇ ಎಂದು ನೋಡುತ್ತಾರೆ. ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ ಸೇಫ್ಟಿ ಎಂಬ ಆಟಗಾರನದು ಹೆಚ್ಚುಕಡಿಮೆ ಇದೇ ಕೆಲಸ. ಹೀಗಿದ್ದೂ ಅವನನ್ನು ಅಳೆಯುವವರು ಸಾಮಾನ್ಯವಾಗಿ ಹೊಡೆದ ಹಕ್ಕಿಗಳನ್ನೇ ಎಣಿಸುತ್ತಾರೆ. ಹುಬ್ಬಳ್ಳಿ-ಧಾರವಾಡದಲ್ಲಿ ಈ ಆಟ ನೋಡುವವರ ಸಂಖ್ಯೆ ಈಗ ನಿಧಾನಕ್ಕೆ ಹೆಚ್ಚುತ್ತಿದೆ ಎಂದು ನನಗೆ ಅನಿಸುತ್ತದೆ. ಅವರಲ್ಲಿ ಹೊಸಬರು ಎಡವುವ ಜಾಗ ಇದಾಗಿರುವುದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೊದಲು ಅವನು ನಿಲ್ಲುವ ಜಾಗ. ರಕ್ಷಣೆಯ 11 ಜನರಲ್ಲಿ ಮುಂದಿನ ಸಾಲಿನವರು ಎದುರಾಳಿಯೊಡನೆ ಎದೆಗೆ ಎದೆ ಕೊಟ್ಟು ನಿಲ್ಲುತ್ತಾರೆ, ಅವರ ಹಿಂದೆ ಲೈನ್‌ಬ್ಯಾಕರ್‌ಗಳು ಇರುತ್ತಾರೆ, ಎರಡೂ ಅಂಚುಗಳಲ್ಲಿ ಕಾರ್ನರ್‌ಬ್ಯಾಕ್‌ಗಳು ಎಸೆದ ಚೆಂಡು ಹಿಡಿಯಲು ಓಡುವ ರಿಸೀವರ್‌ಗಳನ್ನು ಕಾಯುತ್ತಾರೆ. ಇವರೆಲ್ಲರ ಹಿಂದೆ, ಚೆಂಡಿನಿಂದ ಸುಮಾರು 10ರಿಂದ 15 ಯಾರ್ಡ್ ದೂರದಲ್ಲಿ, ಸಾಮಾನ್ಯವಾಗಿ ಇಬ್ಬರು ಸೇಫ್ಟಿಗಳು ನಿಲ್ಲುತ್ತಾರೆ. ಇವರನ್ನು ದಾಟಿದ ಮೇಲೆ ಅಂಕ ಸಿಗುವ ಗೋಲ್ ಗೆರೆಯ ತನಕ ತಡೆಯುವವರೇ ಇಲ್ಲ. ಅಂಕಣದ ಅಗಲ 53 ಯಾರ್ಡ್‌ಗಿಂತ ತುಸು ಹೆಚ್ಚು, ಅಂದರೆ ಸುಮಾರು 49 ಮೀಟರ್. ಕೆಲವೊಮ್ಮೆ ಈ ಅಗಲದ ಹಿಂಭಾಗವನ್ನು ಒಬ್ಬನೇ ಕಾಯಬೇಕಾಗುತ್ತದೆ. ಚೆಂಡು ಹಿಡಿದ ಎದುರಾಳಿಯನ್ನು ಅವನದೇ ಗೋಲ್ ಗೆರೆಯ ಹಿಂದೆ ಕೆಡವಿದಾಗ ಸಿಗುವ 2 ಅಂಕಗಳಿಗೂ ಸೇಫ್ಟಿ ಎಂದೇ ಹೆಸರಿದೆ. ಆ ಸೇಫ್ಟಿಗೂ ಈ ಆಟಗಾರನಿಗೂ ಸಂಬಂಧವಿಲ್ಲ, ಗೊಂದಲ ಮಾಡಿಕೊಳ್ಳಬಾರದು.

ಬೆಲೆ ಕಟ್ಟುವ ಮುನ್ನ ಕೇಳಬೇಕಾದ ಮೊದಲ ಪ್ರಶ್ನೆ, ತಂಡ ಅವನಿಗೆ ಯಾವ ಕೆಲಸ ಕೊಟ್ಟಿದೆ ಎಂಬುದು. ಬ್ಯಾಡಗಿ ಮಾರುಕಟ್ಟೆಗೆ ಬಂದ ಮೆಣಸಿನಕಾಯಿಯ ಬೆಲೆ ಖಾರದಿಂದ ನಿರ್ಧಾರವಾಗುವುದಿಲ್ಲ. ಬಣ್ಣಕ್ಕಾಗಿ ಕೊಳ್ಳುವವನ ಕಣ್ಣು ಬಣ್ಣದ ಮೇಲೇ ಇರುತ್ತದೆ, ಖಾರ ಬೇಕಾದವನು ಗುಂಟೂರಿನ ಕಾಯಿ ಹುಡುಕುತ್ತಾನೆ. ಸೇಫ್ಟಿಗಳಲ್ಲೂ ಇಂಥ ಎರಡು ತಳಿಗಳಿವೆ. ಆಳದಲ್ಲಿ ನಿಂತು ಆಕಾಶಕ್ಕೆ ಏರಿದ ಚೆಂಡನ್ನು ಕಾಯುವವನನ್ನು ಫ್ರೀ ಸೇಫ್ಟಿ ಎಂದೂ, ಮುಂದೆ ಬಂದು ಓಟವನ್ನು ತಡೆಯುವ ಗಟ್ಟಿ ಆಳನ್ನು ಸ್ಟ್ರಾಂಗ್ ಸೇಫ್ಟಿ ಎಂದೂ ಹಿಂದಿನಿಂದ ಕರೆಯುತ್ತ ಬಂದಿದ್ದಾರೆ. ಸಿಯಾಟಲ್ ಸೀಹಾಕ್ಸ್ ತಂಡದ ಅರ್ಲ್ ಥಾಮಸ್ ಮತ್ತು ಕ್ಯಾಮ್ ಚಾನ್ಸೆಲರ್ ಜೋಡಿಯಲ್ಲಿ ಈ ಎರಡೂ ತಳಿಗಳನ್ನು ಒಟ್ಟಿಗೆ ನೋಡಬಹುದು. ಥಾಮಸ್ 2010ರ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ವಾರ್ಷಿಕ ಆಯ್ಕೆಯಲ್ಲಿ, 14ನೆಯವನಾಗಿ ಆಯ್ಕೆಯಾದ ಸಣ್ಣ ಮೈಕಟ್ಟಿನ ಚುರುಕು ಆಟಗಾರ. ಅದೇ ಡ್ರಾಫ್ಟ್‌ನ 5ನೆಯ ಸುತ್ತಿನಲ್ಲಿ ಸಿಕ್ಕ ಚಾನ್ಸೆಲರ್ ಎತ್ತರದ, ತೂಕದ ಆಳು. ಥಾಮಸ್ ಹಿಂದಿನ ನಡುಭಾಗವನ್ನು ಒಬ್ಬನೇ ಸಂಭಾಳಿಸುತ್ತಿದ್ದುದರಿಂದಲೇ ಚಾನ್ಸೆಲರ್‌ನನ್ನು ಮುಂದೆ ಬಿಡಲು ಸಾಧ್ಯವಾಯಿತು. 2012ರಿಂದ 2015ರ ವರೆಗಿನ 4 ಋತುಗಳಲ್ಲೂ ಲೀಗ್‌ನಲ್ಲೇ ಅತಿ ಕಡಿಮೆ ಅಂಕ ಬಿಟ್ಟುಕೊಟ್ಟ ತಂಡ ಅದು. 2014ರ ಫೆಬ್ರುವರಿ 2ರಂದು ನಡೆದ ಲೀಗ್‌ನ ಅಂತಿಮ ಪಂದ್ಯವಾದ ಸೂಪರ್ ಬೌಲ್‌ನಲ್ಲಿ, ಆ ಋತುವಿನಲ್ಲಿ 606 ಅಂಕ ಗಳಿಸಿ ದಾಖಲೆ ಮಾಡಿದ್ದ ಡೆನ್ವರ್ ತಂಡವನ್ನು ಅದು 43-8ರಿಂದ ಸೋಲಿಸಿತು. ಆ ಪಂದ್ಯದ ಮೊದಲ ಅಂಕಗಳು, ಆಟ ಶುರುವಾದ 12ನೆಯ ಸೆಕೆಂಡಿಗೇ, ಬಂದದ್ದು ಮೇಲೆ ಹೇಳಿದ ಆ ಇನ್ನೊಂದು ಸೇಫ್ಟಿಯಿಂದ ಎಂಬುದು ತಮಾಷೆಯ ವಿಷಯ.

ಈಗ ನೋಡುವ ಕ್ರಮಕ್ಕೆ ಬರೋಣ. ಟಿವಿಯ ಕ್ಯಾಮೆರಾ ಚೆಂಡಿನ ಬೆನ್ನು ಹತ್ತುತ್ತದೆ. ಆಟದ ಮೊದಲ ಎರಡು ಮೂರು ಸೆಕೆಂಡುಗಳಲ್ಲಿ ಸೇಫ್ಟಿ ಪರದೆಯ ಮೇಲೆ ಇರುವುದೇ ಅಪರೂಪ. ಅವನು ಕಾಣಿಸಿಕೊಳ್ಳುವುದು ಒಂದೋ ಚೆಂಡು ಕಸಿದಾಗ, ಇಲ್ಲವೇ ತಪ್ಪು ನಡೆದು ಹೋದ ಮೇಲೆ ಓಡುಗನ ಹಿಂದೆ ಏದುತ್ತ ಬರುವಾಗ. ಆದ್ದರಿಂದ 22 ಆಟಗಾರರೂ ಮೇಲಿನಿಂದ ಒಟ್ಟಿಗೆ ಕಾಣುವ, ತರಬೇತುದಾರರು ಬಳಸುವ ದೃಶ್ಯಾವಳಿ ಸಿಕ್ಕರೆ ಅದನ್ನೇ ನೋಡಬೇಕು. ಭಾನುವಾರದ ಮೊದಲ ಪಂದ್ಯಗಳು ನಮ್ಮಲ್ಲಿ ರಾತ್ರಿ 10:30ಕ್ಕೆ, ನವೆಂಬರ್‌ನಲ್ಲಿ ಅಲ್ಲಿನ ಗಡಿಯಾರ ಬದಲಾದ ಮೇಲೆ 11:30ಕ್ಕೆ ಶುರುವಾಗುತ್ತವೆ. ನಾನು ಅವನ್ನು ನೇರವಾಗಿ ನೋಡಿ ಫಲಿತಾಂಶದ ಕುತೂಹಲ ತೀರಿಸಿಕೊಂಡು, ವಾರದ ಮಧ್ಯೆ ಒಂದು ಸಂಜೆ ಅದೇ ಪಂದ್ಯವನ್ನು ಒಬ್ಬನೇ ಸೇಫ್ಟಿಯ ಮೇಲೆ ಕಣ್ಣಿಟ್ಟು ಮತ್ತೆ ನೋಡುತ್ತೇನೆ. ಮಗಳ ಹಳೆಯ ಲೆಕ್ಕದ ನೋಟುಬುಕ್ಕಿನಲ್ಲಿ ಮೂರು ಕಾಲಂ ಎಳೆದುಕೊಂಡರೆ ಸಾಕು: ಎಲ್ಲಿ ನಿಂತಿದ್ದ, ಮೊದಲ ಹೆಜ್ಜೆ ಎತ್ತ ಇಟ್ಟ, ಕೊನೆಗೆ ಎಲ್ಲಿದ್ದ.

ಈ ಮೂರರಲ್ಲಿ ನಡುವಿನದು ಹೆಚ್ಚು ಮಾತಾಡುತ್ತದೆ. ಒಂದು ಸರದಿಯನ್ನು ನಿಧಾನವಾಗಿ ನೋಡಿ. ಚೆಂಡು ಹಿಂದಕ್ಕೆ ಹೋಗುವ ಮುಂಚೆ ಇಬ್ಬರು ಸೇಫ್ಟಿಗಳೂ ಸಮ ಆಳದಲ್ಲಿ ನಿಂತಿದ್ದಾರೆ. ಹಿಂಭಾಗವನ್ನು ಇಬ್ಬರು ಹಂಚಿಕೊಂಡಿದ್ದಾರೆ ಎಂದು ಎದುರಾಳಿ ತಂಡದಲ್ಲಿ ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಲೆಕ್ಕ ಹಾಕುತ್ತಾನೆ. ಚೆಂಡು ಕೈಸೇರಿದ ಕ್ಷಣದಲ್ಲೇ ಒಬ್ಬ ಮುಂದೆ ನುಗ್ಗುತ್ತಾನೆ, ಇನ್ನೊಬ್ಬ ನಡುವಿಗೆ ಜಾರುತ್ತಾನೆ. ಕ್ವಾರ್ಟರ್‌ಬ್ಯಾಕ್ ಎಸೆಯಲು ಎತ್ತಿದ ಕೈಯನ್ನು ತಡೆದು ಮತ್ತೊಬ್ಬ ರಿಸೀವರ್‌ನನ್ನು ಹುಡುಕುತ್ತಾನೆ, ಅಷ್ಟರಲ್ಲಿ ಮುಂದಿನ ಸಾಲಿನವನೊಬ್ಬ ಅವನನ್ನು ಕೆಡವುತ್ತಾನೆ. ಎಸೆಯುವ ಮುನ್ನವೇ ಕ್ವಾರ್ಟರ್‌ಬ್ಯಾಕ್‌ನನ್ನು ಹೀಗೆ ಕೆಡವುವುದಕ್ಕೆ ಸ್ಯಾಕ್ ಎನ್ನುತ್ತಾರೆ, ಅಂಕಿಪಟ್ಟಿಯಲ್ಲಿ ಅದು ಕೆಡವಿದವನ ಹೆಸರಿಗೆ ಸೇರುತ್ತದೆ. ಅರ್ಧ ಸೆಕೆಂಡ್ ತಡಮಾಡಿಸಿದ ಸೇಫ್ಟಿಯ ಹೆಸರು ಎಲ್ಲಿಯೂ ಇಲ್ಲ. ಇಂಥ ಸರದಿಗಳು ಒಂದು ಪಂದ್ಯದಲ್ಲಿ ಎಷ್ಟು ಬಂದವು ಎಂದು ನೋಟುಬುಕ್ಕಿನಲ್ಲಿ ಗುರುತು ಹಾಕುತ್ತ ಹೋದರೆ ಅವನ ನಿಜವಾದ ದುಡಿಮೆ ಕಾಣತೊಡಗುತ್ತದೆ. ಇದಕ್ಕೆ ವಿರುದ್ಧವಾಗಿ, ಕ್ವಾರ್ಟರ್‌ಬ್ಯಾಕ್ ಬರೀ ಕಣ್ಣು ಹೊರಳಿಸಿದ್ದಕ್ಕೇ ಎಡಕ್ಕೆ ಎರಡು ಹೆಜ್ಜೆ ಕೊಟ್ಟು, ಬಲದಲ್ಲಿ ಬಿದ್ದ ಚೆಂಡಿಗೆ ತಲುಪಲಾಗದವನಿದ್ದರೆ ಅದನ್ನೂ ಬರೆದಿಡಬೇಕು. ಚೆಂಡನ್ನು ಆ ರಿಸೀವರ್ ಕೈಚೆಲ್ಲಿದರೂ ಸೇಫ್ಟಿಯ ತಪ್ಪು ತಪ್ಪೇ.

ಟ್ಯಾಕಲ್‌ಗಳ ಸಂಖ್ಯೆಯನ್ನು, ಅಂದರೆ ಚೆಂಡು ಹಿಡಿದವರನ್ನು ಎಷ್ಟು ಸಲ ಕೆಡವಿದ ಎಂಬುದನ್ನು, ಒಂದರ್ಥದಲ್ಲಿ ತಿರುಗಿಸಿ ಓದಬೇಕು. ಆಳದ ಸೇಫ್ಟಿ ಒಂದು ಪಂದ್ಯದಲ್ಲಿ 12 ಜನರನ್ನು ಕೆಡವಿದ್ದಾನೆ ಎಂದರೆ ಮುಂದಿನ ಎರಡು ಸಾಲುಗಳು ಸೋರುತ್ತಿವೆ ಎಂದೂ ಆಗಬಹುದು. ನನ್ನ ಮಟ್ಟಿಗೆ ಇದಕ್ಕಿಂತ ಮುಖ್ಯವಾದದ್ದು ಕೈತಪ್ಪಿದ ಟ್ಯಾಕಲ್. ಮುಂದಿನ ಸಾಲಿನವನ ಕೈ ಜಾರಿದರೆ ಎದುರಾಳಿಗೆ ಮೂರು ನಾಲ್ಕು ಯಾರ್ಡ್ ಲಾಭ, ಸೇಫ್ಟಿಯ ಕೈ ಜಾರಿದರೆ ಟಚ್‌ಡೌನ್, ಅಂದರೆ ಚೆಂಡು ಗೋಲ್ ಗೆರೆ ದಾಟಿ ಎದುರಾಳಿಗೆ ಅಂಕ. ಹೀಗಾಗಿ ಅವನು ಅಬ್ಬರದಿಂದ ಗುದ್ದುತ್ತಾನೋ ಇಲ್ಲವೋ ಎಂಬುದನ್ನು ಬದಿಗಿಟ್ಟು, ಓಡುಗನನ್ನು ಅಂಕಣದ ಪಕ್ಕದ ಗೆರೆಯ ಕಡೆಗೆ ಒತ್ತರಿಸುವ ಕೋನ ಹಿಡಿದು ಬರುತ್ತಾನೋ ಎಂದು ನೋಡಬೇಕು. ಚಪ್ಪಾಳೆ ಸಿಗುವುದು ಗುದ್ದಿಗೆ. ನಾನು ಅಂಕ ಕೊಡುವುದು ಕೋನಕ್ಕೆ.

ಇನ್ನು ಇಂಟರ್‌ಸೆಪ್ಷನ್, ಅಂದರೆ ಎದುರಾಳಿ ಎಸೆದ ಚೆಂಡನ್ನು ಕಸಿಯುವುದು. ಪಾಲ್ ಕ್ರೌಸ್ ಎಂಬ ಸೇಫ್ಟಿ 1964ರಿಂದ 1979ರ ವರೆಗೆ ಆಡಿ 81 ಚೆಂಡುಗಳನ್ನು ಕಸಿದರು. ಆ ದಾಖಲೆ ಇನ್ನೂ ಮುರಿದಿಲ್ಲ. ಬಾಲ್ಟಿಮೋರ್ ತಂಡದಲ್ಲಿ ಹೆಸರಾದ ಸೇಫ್ಟಿ ಎಡ್ ರೀಡ್ 64ಕ್ಕೆ ನಿಂತರು. ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ತೀರ್ಪು ಕೊಡುವಂತಿಲ್ಲ. ಕ್ರೌಸ್ ಅವರ ಕಾಲದಲ್ಲಿ ಎಸೆದ 100 ಚೆಂಡುಗಳಲ್ಲಿ 5ರಷ್ಟು ಎದುರಾಳಿಯ ಪಾಲಾಗುತ್ತಿದ್ದವು. 1978ರಲ್ಲಿ ನಿಯಮಗಳು ಎಸೆತಕ್ಕೆ ಅನುಕೂಲವಾಗಿ ಬದಲಾದವು, ಕ್ವಾರ್ಟರ್‌ಬ್ಯಾಕ್‌ಗಳೂ ಹುಷಾರಾದರು, ಇಂದು ಆ ಪ್ರಮಾಣ ಅರ್ಧಕ್ಕೂ ಕೆಳಗಿಳಿದಿದೆ. ಒಂದೇ ಋತುವಿನ ಅಂಕಿಯನ್ನಂತೂ ಇನ್ನೂ ಕಡಿಮೆ ನಂಬಬೇಕು. ಯಾರದೋ ಕೈತಾಗಿ ಪುಟಿದ ಚೆಂಡು ಅಂಗೈಗೆ ಬಂದು ಬೀಳುವುದುಂಟು, ಮರುವರ್ಷ ಬೀಳದೆ ಇರುವುದೂ ಉಂಟು. ರೀಡ್ ಅವರದು ಹಾಗಲ್ಲ ಎನ್ನುವುದಕ್ಕೆ ಅವರ ನಿಲುವೇ ಸಾಕ್ಷಿ. ಕಬಡ್ಡಿಯಲ್ಲಿ ಮೂಲೆಯವನು ಬೇಕೆಂದೇ ಒಂದು ಹೆಜ್ಜೆ ಹಿಂದೆ ಸರಿದು ರೈಡರ್‌ನ ಕಾಲು ಒಳಗೆ ಬರುವಂತೆ ಆಸೆ ತೋರಿಸುತ್ತಾನಲ್ಲ, ರೀಡ್ ಕೂಡ ಹಾಗೆಯೇ ರಿಸೀವರ್ ಖಾಲಿ ಇದ್ದಾನೆ ಎಂಬ ಭ್ರಮೆ ಹುಟ್ಟಿಸಿ, ಚೆಂಡು ಕೈಬಿಟ್ಟ ಮೇಲೆ ಜಾಗ ಮುಚ್ಚುತ್ತಿದ್ದರು. 2008ರಲ್ಲಿ ಕಸಿದ ಚೆಂಡೊಂದನ್ನು 107 ಯಾರ್ಡ್ ಓಡಿಸಿ ತಂದರು.

ಮೈದಾನದ ಹೊರಗಿನ ಅಳತೆಗಳಲ್ಲಿ 40 ಯಾರ್ಡ್ ಓಟಕ್ಕೆ ಜನ ಅತಿಯಾದ ಮಹತ್ವ ಕೊಡುತ್ತಾರೆ. 2022ರಲ್ಲಿ ಸೇಫ್ಟಿ ಕೈಲ್ ಹ್ಯಾಮಿಲ್ಟನ್ ಅದನ್ನು 4.59 ಸೆಕೆಂಡಿನಲ್ಲಿ ಓಡಿದಾಗ ನಿಧಾನವಾಯಿತು ಎಂಬ ಮಾತು ಬಂತು. ಬಾಲ್ಟಿಮೋರ್ ಅವನನ್ನು ಡ್ರಾಫ್ಟ್‌ನಲ್ಲಿ 14ನೆಯವನಾಗಿ ಪಡೆಯಿತು. 6 ಅಡಿ 4 ಅಂಗುಲದ ಆ ಆಟಗಾರ ಆಳದಲ್ಲೂ ಮುಂದೆಯೂ ಒಂದೇ ಹದದಲ್ಲಿ ಆಡುತ್ತಾನೆ, ಅವನ ಓಟದ ಕೊರತೆಯನ್ನು ಮೊದಲ ಹೆಜ್ಜೆಯ ಅಂದಾಜು ತುಂಬಿಕೊಡುತ್ತದೆ.

ಕೊನೆಗೆ ಹಣದ ಲೆಕ್ಕ. 2025ರಲ್ಲಿ ಒಂದು ತಂಡ ಎಲ್ಲ ಆಟಗಾರರಿಗೂ ಸೇರಿ ಖರ್ಚು ಮಾಡಬಹುದಾದ ಮಿತಿ 27.92 ಕೋಟಿ ಡಾಲರ್. ಅದೇ ಬೇಸಿಗೆಯಲ್ಲಿ ಹ್ಯಾಮಿಲ್ಟನ್‌ಗೆ 4 ವರ್ಷಗಳಿಗೆ 10.04 ಕೋಟಿ ಡಾಲರ್ ಒಪ್ಪಂದ ಸಿಕ್ಕಿತು. ಕಾರ್ನರ್‌ಬ್ಯಾಕ್ ಸಾಸ್ ಗಾರ್ಡ್ನರ್‌ಗೆ ಅಷ್ಟೇ ಅವಧಿಗೆ 12.04 ಕೋಟಿ, ಕ್ವಾರ್ಟರ್‌ಬ್ಯಾಕ್‌ನನ್ನು ಬೆನ್ನಟ್ಟುವ ಮೈಕಾ ಪಾರ್ಸನ್ಸ್‌ಗೆ 18.8 ಕೋಟಿ. ಅತ್ಯುತ್ತಮ ಸೇಫ್ಟಿಗೂ ಪೇಟೆ ಕಟ್ಟುವ ಬೆಲೆ ಈ ಶ್ರೇಣಿಯಲ್ಲಿ ಕೆಳಗಿದೆ. ಇದು ಪೂರ್ತಿ ತಪ್ಪೆಂದು ನಾನು ಹೇಳಲಾರೆ, ಏಕೆಂದರೆ ಮುಂದಿನವರು ಕ್ವಾರ್ಟರ್‌ಬ್ಯಾಕ್‌ಗೆ ನಾಲ್ಕು ಐದು ಸೆಕೆಂಡ್ ಬಿಟ್ಟುಕೊಟ್ಟರೆ ಎಂಥ ಸೇಫ್ಟಿಯೂ ಹಿಂಭಾಗ ಕಾಯಲಾರ.

ಕೊಳ್ಳುವವರು ಹೆಚ್ಚು ಕೈಸುಟ್ಟುಕೊಳ್ಳುವುದು ಕಣ್ಣು ಕುಕ್ಕುವ ಅಂಕಿಗೆ ಬೆಲೆ ಕೊಟ್ಟಾಗ. 2020ರ ಜುಲೈನಲ್ಲಿ ಸಿಯಾಟಲ್ ಜಮಾಲ್ ಆಡಮ್ಸ್ ಎಂಬ ಸೇಫ್ಟಿಗಾಗಿ ಡ್ರಾಫ್ಟ್‌ನ ಮೊದಲ ಸುತ್ತಿನ 2 ಆಯ್ಕೆಗಳನ್ನು, ಅದರ ಮೇಲೆ ಇನ್ನಷ್ಟನ್ನು ಕೊಟ್ಟಿತು. ಆ ವರ್ಷ ಆಡಮ್ಸ್ 9.5 ಸ್ಯಾಕ್ ಗಳಿಸಿ, ಹಿಂದಿನ ಸಾಲಿನ ಆಟಗಾರನೊಬ್ಬ ಗಳಿಸಿದ ಅತಿ ಹೆಚ್ಚು ಸ್ಯಾಕ್‌ಗಳ ದಾಖಲೆ ಮಾಡಿದ. 2021ರ ಆಗಸ್ಟ್‌ನಲ್ಲಿ 4 ವರ್ಷಗಳಿಗೆ 7 ಕೋಟಿ ಡಾಲರ್ ಒಪ್ಪಂದವಾಯಿತು. ಆ ಋತುವಿನಲ್ಲಿ ಬಂದ ಸ್ಯಾಕ್ ಸೊನ್ನೆ. ಆಮೇಲೆ ಗಾಯಗಳು ಕಾಡಿದವು, 2024ರ ಮಾರ್ಚ್‌ನಲ್ಲಿ ತಂಡ ಅವನನ್ನು ಕೈಬಿಟ್ಟಿತು. ಗಾಯ ಯಾರ ಕೈಯಲ್ಲೂ ಇಲ್ಲ ನಿಜ. ಆದರೆ ಸೇಫ್ಟಿಯ ಸ್ಯಾಕ್ ಎಂಬುದು ತರಬೇತುದಾರ ಅವನನ್ನು ಎಷ್ಟು ಸಲ ಮುಂದೆ ಅಟ್ಟುತ್ತಾನೆ ಎಂಬುದರ ಮೇಲೆ ನಿಂತಿರುತ್ತದೆ. ಅಷ್ಟು ಹೊತ್ತು ಅವನ ಹಿಂದಿನ ಜಾಗ ಖಾಲಿಯಾಗಿಯೂ ಇರುತ್ತದೆ. ಆದ್ದರಿಂದ ನೋಟುಬುಕ್ಕಿನಲ್ಲಿ ಸ್ಯಾಕ್ ಬರೆದುಕೊಂಡ ಪುಟದಲ್ಲೇ, ಆ ಖಾಲಿ ಜಾಗಕ್ಕೆ ಅಂದು ಎಷ್ಟು ಚೆಂಡು ಬಿದ್ದವು ಎಂಬುದನ್ನೂ ಬರೆದುಕೊಳ್ಳಿ.