ಅಂಗಾತ ಮಲಗಿ ಓಡಿಸುವ ಬೈಕನ್ನು ಕಾಫಿ ಕಣದಲ್ಲಿ ಪಳಗಿಸಿದ ಬಗೆ

ದಾಖಲೆಯ ವೇಗಕ್ಕೆಂದು ಕಟ್ಟಿದ ಬೈಕು ಮೊದಲು ನಡಿಗೆಯ ವೇಗದಲ್ಲಿ ಬೀಳದೆ ಸಾಗಬೇಕು. ನನ್ನ ದುಡಿಮೆಯ ಬಹುಪಾಲು ಹೋದದ್ದು ಇದಕ್ಕೇ. ಕೊಡಗಿನ ಗೋಣಿಕೊಪ್ಪದ ನನ್ನ ಗ್ಯಾರೇಜಿನಲ್ಲಿ ಹಳೆಯ ರಾಜ್‌ದೂತ್ 350ರ ಎಂಜಿನ್ನನ್ನು ಉದ್ದನೆಯ ಪೈಪಿನ ಚಾಸಿಗೆ ಕೂರಿಸಿ, ಸವಾರ ಕಾಲು ಮುಂದೆ ಚಾಚಿ ಮಲಗುವಂತೆ ಮಾಡಿ, ಮೇಲೆ ಫೈಬರ್ ಕವಚ ಹೊದಿಸಿದೆ. ವೇಗ ಇಮ್ಮಡಿಯಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ, ಅದನ್ನು ಮೀರಲು ಬೇಕಾದ ಶಕ್ತಿ ಎಂಟು ಪಟ್ಟಾಗುತ್ತದೆ. ಸಣ್ಣ ಎಂಜಿನ್ನಿಗೆ ಕವಚವೇ ಆಸರೆ. 2010ರಲ್ಲಿ ಅಮೆರಿಕದ ಬಾನ್‌ವಿಲ್ ಉಪ್ಪಿನ ಬಯಲಿನಲ್ಲಿ ರಾಕಿ ರಾಬಿನ್ಸನ್ ಗಂಟೆಗೆ 605.697 ಕಿ.ಮೀ. ವೇಗದ ದಾಖಲೆ ಮಾಡಿದ ‘ಆಕ್ ಅಟ್ಯಾಕ್’ ವಾಹನಕ್ಕೆ ಟರ್ಬೊ (ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಸಾಧನ) ಅಳವಡಿಸಿದ, ಸುಜುಕಿಯ ಹಯಾಬುಸಾ ಬೈಕಿನ ಎರಡು ಎಂಜಿನ್‌ಗಳಿದ್ದರೂ ಅದರ ಮೈ ಇಂಥದೇ ಕಿರಿದಾದ ಕೊಳವೆ.

ಉದ್ದನೆಯ ಬಿದಿರನ್ನು ಅಂಗೈ ಮೇಲೆ ನಿಲ್ಲಿಸಬಹುದು, ಗೇಣುದ್ದದ ಕಡ್ಡಿಯನ್ನು ನಿಲ್ಲಿಸುವುದು ಕಷ್ಟ. ಭಾರದ ಕೇಂದ್ರ ನೆಲಕ್ಕೆ ಹತ್ತಿರವಿರುವ ಈ ಬೈಕೂ ಹಾಗೆಯೇ ಥಟ್ಟನೆ ವಾಲುತ್ತದೆ. ಸವಾರನಿಗೆ ಕಾಲೂರಲು ಜಾಗವಿಲ್ಲ, ಕವಚದೊಳಗೆ ಹ್ಯಾಂಡಲ್ ತಿರುಗುವುದೂ ಅಲ್ಪವೇ. ಆದ್ದರಿಂದ ಎರಡೂ ಬದಿಗೆ ಮಡಚುವ ಊರುಗಾಲುಗಳನ್ನಿಟ್ಟು, ಕುಯ್ಲಿನ ಕಾಫಿ ಒಣಗಿ ನೆರೆಯ ತೋಟದವರ ಕಣ ಖಾಲಿಯಾದ ಮೇಲೆ, ಗೆಳೆಯರು ಹಿಂದಿನಿಂದ ತಳ್ಳುತ್ತಿರುವಾಗ ವಾಲಿದ ಕಡೆಗೇ ಹ್ಯಾಂಡಲ್ ತಿರುಗಿಸಿ ಬೈಕನ್ನು ನೆಟ್ಟಗೆ ಮಾಡುವುದನ್ನು ರೂಢಿಸಿಕೊಂಡೆ. ಅದು ಕೈಗೆ ಹತ್ತಿದ ಮೇಲೆಯೇ ಬೈಕನ್ನು ಎಳೆಸಲು ಜೀಪಿಗೆ ಹಗ್ಗ ಕಟ್ಟಿಸಿದೆ.

ಅನಂತರದ ಚಿಂತೆ ಅಡ್ಡಗಾಳಿಯದು. ಕವಚದ ಪಕ್ಕದ ಆಕಾರವನ್ನು ರಟ್ಟಿನಲ್ಲಿ ಕತ್ತರಿಸಿ, ಸೂಜಿಯ ಮೊನೆಯ ಮೇಲೆ ಸಮತೂಗಿಸಿ, ಗಾಳಿ ಒತ್ತುವ ನಡುಬಿಂದುವನ್ನು ಅಂದಾಜು ಮಾಡಿದೆ. ಕಾಫಿ ಮೂಟೆ ತೂಗುವ ಯಂತ್ರದ ಮೇಲೆ ಒಂದೊಂದೇ ಚಕ್ರವನ್ನಿಟ್ಟು ಭಾರದ ಕೇಂದ್ರವನ್ನು ಕಂಡುಕೊಂಡೆ. ಇವೆರಡರ ಅಂತರ ಹೆಚ್ಚಿದಷ್ಟೂ ಗಾಳಿ ಬೈಕಿನ ಮೂತಿಯನ್ನು ಬಲವಾಗಿ ತಿರುಗಿಸುತ್ತದೆ. ಓಡುವಾಗ ಒತ್ತಡದ ಬಿಂದು ರಟ್ಟು ತೋರಿಸಿದ್ದಕ್ಕಿಂತ ಮುಂದಿರುವುದರಿಂದ ಬ್ಯಾಟರಿಯನ್ನೂ ಪೆಟ್ರೋಲ್ ಟ್ಯಾಂಕನ್ನೂ ಮುಂದಕ್ಕೆ ಸರಿಸಿದೆ.

ಘಟ್ಟದ ಮೇಲಿನ ನಮಗೆ ಇನ್ನೊಂದು ಎಚ್ಚರ ಬೇಕು. ಗೋಣಿಕೊಪ್ಪದ ಗಾಳಿ ತೆಳು, ನಾನು ಓಡಿಸಲು ಅನುಮತಿ ಪಡೆದ ವಿಮಾನ ಓಡುದಾರಿ ಇರುವುದು ಕರಾವಳಿಯ ಮಟ್ಟದಲ್ಲಿ. ಇಲ್ಲಿನ ಮೇನ್ ಜೆಟ್ಟನ್ನೇ (ಕಾರ್ಬುರೇಟರಿನಲ್ಲಿ ಪೆಟ್ರೋಲ್ ಹಾಯುವ ಸಣ್ಣ ತೂತಿನ ಬಿಡಿಭಾಗ) ಅಲ್ಲಿ ಬಳಸಿದರೆ ದಟ್ಟವಾದ ಗಾಳಿಗೆ ಪೆಟ್ರೋಲ್ ಸಾಲದೆ ಎಂಜಿನ್ ಕಾದು ಪಿಸ್ಟನ್ ಸಿಲಿಂಡರಿನಲ್ಲೇ ಕಚ್ಚಿಕೊಂಡು ಸೀಜ್ ಆಗುತ್ತದೆ. ಅಲ್ಲದೆ ಕವಚ ಸಿಲಿಂಡರನ್ನು ತಂಪಾಗಿಡುವ ಲೋಹದ ರೆಕ್ಕೆಗಳಿಗೆ ಗಾಳಿ ತಾಗದಂತೆ ಮುಚ್ಚುತ್ತದೆ. ಹಾಗಾಗಿ ಮೂತಿಯಿಂದ ಗಾಳಿಕೊಳವೆ ಎಳೆದು, ದೊಡ್ಡ ಜೆಟ್ ಹಾಕಿ, ಪ್ರತಿ ಓಟದ ಬಳಿಕ ಎಂಜಿನ್ನಿನ ಸ್ಪಾರ್ಕ್ ಪ್ಲಗ್ ಬಿಚ್ಚಿ ಬಣ್ಣ ನೋಡಿದೆ: ಬಿಳಿಚಿದ್ದರೆ ಜೆಟ್ ಇನ್ನೂ ಹಿರಿದಾಗಬೇಕು, ಕಂದಾಗಿದ್ದರೆ ಮುಂದುವರಿಯಬಹುದು.

ವಿಶ್ವದಾಖಲೆಯ ನಿಯಮದಂತೆ ಎರಡು ಗಂಟೆಯೊಳಗೆ ಎದುರುಬದುರು ದಿಕ್ಕಿನಲ್ಲಿ ಓಡಿ ಸರಾಸರಿ ತೆಗೆಯಬೇಕು, ಹಿಂಗಾಳಿಯ ನೆರವು ಲೆಕ್ಕಕ್ಕೆ ಬರಬಾರದು. ನಾನೂ ನನ್ನ ವೇಗವನ್ನು ಹಾಗೆಯೇ ಅಳೆಯುತ್ತೇನೆ; ಒಂದೇ ದಿಕ್ಕಿನ ಓಟವನ್ನು ಪುಸ್ತಕದಲ್ಲಿ ಬರೆದುಕೊಳ್ಳುವುದಿಲ್ಲ.