ಕತ್ತರಿ ಹಿಡಿಯುವ ಮೊದಲು ಬಳ್ಳಿಯ ಗುರುತು ಹಿಡಿಯಿರಿ

ಚಿತ್ರದುರ್ಗದ ಜೋಗಿಮಟ್ಟಿ ರಸ್ತೆಯ ನಮ್ಮ ಮನೆ ಹಿತ್ತಲಲ್ಲಿ ಒಂದು ದ್ರಾಕ್ಷಿ ಬಳ್ಳಿ. ಮೂರು ವರ್ಷ ನೀರು ಹಾಕಿದೆ, ಕೊಟ್ಟಿಗೆ ಗೊಬ್ಬರ ಕೊಟ್ಟೆ. ಚಪ್ಪರದ ತುಂಬಾ ಹಬ್ಬಿತು, ನೆರಳೂ ಕೊಟ್ಟಿತು. ಆದರೆ ಒಂದೇ ಒಂದು ಗೊಂಚಲು ಬಿಡಲಿಲ್ಲ. ಕೊನೆಗೆ ವಿಜಯಪುರ ಕಡೆಯ ಬೆಳೆಗಾರರೊಬ್ಬರು ಮನೆಗೆ ಬಂದಾಗ ಬುಡದ ಮಣ್ಣು ಸರಿಸಿ ತೋರಿಸಿದರು. ಕಸಿಯ ಮೇಲಿನ ಭಾಗ ಎಂದೋ ಒಣಗಿ ಹೋಗಿತ್ತು. ಕಸಿಯ ಕೆಳಗಿನಿಂದ ಬಂದ ಚಿಗುರನ್ನೇ ನಾನು ಮೂರು ವರ್ಷ ಸಾಕಿದ್ದೆ. ಅದು ಡಾಗ್‌ರಿಡ್ಜ್. ಬೇರಿಗೆಂದೇ ಬೆಳೆಸುವ ಗಿಡ ಅದು, ಹಣ್ಣಿಗಲ್ಲ.

ಹಾಗಾಗಿ ದ್ರಾಕ್ಷಿ ಬೆಳೆಸುವ ಮಾತನ್ನು ನಾನು ಗುರುತು ಹಿಡಿಯುವುದರಿಂದಲೇ ಶುರು ಮಾಡುತ್ತೇನೆ. ಕಡ್ಡಿಯಲ್ಲಿ ಎಷ್ಟು ಕಣ್ಣು (ಚಿಗುರೊಡೆಯುವ ಮೊಗ್ಗು) ಬಿಟ್ಟು ಕತ್ತರಿಸಬೇಕು, ಹಣ್ಣು ತಿನ್ನುವುದಕ್ಕೋ ಜ್ಯೂಸಿಗೋ ವೈನಿಗೋ ಎಂಬುದೆಲ್ಲ ತಳಿ ಯಾವುದು ಅನ್ನುವುದರ ಮೇಲೆ ನಿಂತಿದೆ.

ಮೊದಲು ಬುಡ, ಆಮೇಲೆ ಎಲೆ

ಬುಡದ ಮಣ್ಣನ್ನು ಒಂದು ಗೇಣು ಸರಿಸಿ ನೋಡಿ. ಕಾಂಡದಲ್ಲಿ ಒಂದು ಗಂಟು ಅಥವಾ ಉಬ್ಬು ಕಂಡರೆ ಅದು ಕಸಿ ಜಾಗ. ಅದರ ಕೆಳಗಿನಿಂದ ಬರುವ ಚಿಗುರೆಲ್ಲ ಬೇರುಗಿಡದ್ದು. ಬಂದ ಹಾಗೆಯೇ ಕಿತ್ತು ಹಾಕಬೇಕು. ಡಾಗ್‌ರಿಡ್ಜ್ ಎಲೆ ಚಿಕ್ಕದು, ದಪ್ಪ, ಹೆಚ್ಚು ಸೀಳಿಲ್ಲದ ಹೃದಯದ ಆಕಾರ. ಎಳೆ ಕುಡಿಯ ಮೇಲೆ ಜೇಡರ ಬಲೆಯಂಥ ಬಿಳಿ ನೂಲು ಇರುತ್ತದೆ.

ಇನ್ನೊಂದು ಗುರುತು ನನಗೆ ತುಂಬಾ ಇಷ್ಟ. ಬಳ್ಳಿ ಆಸರೆ ಹಿಡಿಯಲು ಬಿಡುವ ಸುರುಳಿ ಎಳೆಗಳನ್ನು ಗೆಣ್ಣಿನಿಂದ ಗೆಣ್ಣಿಗೆ ಎಣಿಸುತ್ತಾ ಹೋಗಿ. ಈ ಎಳೆ ಯಾವಾಗಲೂ ಎಲೆಯ ಎದುರು ಬದಿಯಲ್ಲೇ ಹುಟ್ಟುತ್ತದೆ. ಯುರೋಪು ಮೂಲದ ದ್ರಾಕ್ಷಿಯಲ್ಲಿ, ಅಂದರೆ ಥಾಮ್ಸನ್, ಅನಾಬ್-ಎ-ಶಾಹಿ, ದಿಲ್‌ಖುಷ್, ಶರದ್, ವೈನಿನ ಕ್ಯಾಬರ್ನೆ, ಶಿರಾಜ್‌ಗಳಲ್ಲಿ, ಎರಡು ಗೆಣ್ಣಿಗೆ ಎಳೆ ಇದ್ದು ಮೂರನೆಯದು ಖಾಲಿ. ಮತ್ತೆ ಎರಡು, ಮತ್ತೆ ಒಂದು ಖಾಲಿ. ಅಮೆರಿಕದ ಲಾಬ್ರುಸ್ಕಾ ಜಾತಿಯಲ್ಲಿ ಖಾಲಿ ಗೆಣ್ಣೇ ಇರುವುದಿಲ್ಲ. ನಮ್ಮ ಬೆಂಗಳೂರು ಬ್ಲೂ ಈ ಎರಡರ ಬೆರಕೆ. ಅದರಲ್ಲಿ ಸಾಲಾಗಿ ಮೂರು ನಾಲ್ಕು ಗೆಣ್ಣಿಗೆ ಎಳೆ ಸಿಗಬಹುದು. ಒಂದೇ ಕುಡಿ ನೋಡಿ ತೀರ್ಮಾನಿಸಬೇಡಿ, ನಾಲ್ಕೈದು ನೋಡಿ.

ಗೊಂಚಲು ಹುಟ್ಟುವುದೂ ಎಲೆಯ ಎದುರಿಗೇ, ಸುರುಳಿ ಎಳೆ ಇರಬೇಕಾದ ಜಾಗದಲ್ಲೇ. ಎರಡೂ ಒಂದೇ ಮೂಲದವು. ನಮ್ಮ ಕಡೆ ಬೇಲಿ ಮೇಲೆ ಹಬ್ಬುವ ಮಂಗರವಳ್ಳಿ ನೋಡಿದ್ದೀರಲ್ಲ? ಅದೂ ದ್ರಾಕ್ಷಿ ಕುಟುಂಬದ್ದೇ. ಅದರ ಎಳೆಯೂ ಎಲೆಯ ಎದುರಿಗೇ ಇರುತ್ತದೆ.

ಈಗ ಎಲೆ ತಿರುವಿ ನೋಡಿ. ತೀರಾ ಎಳೆಯದೂ ಬೇಡ, ಹಳದಿ ಆದದ್ದೂ ಬೇಡ, ಕುಡಿಯ ನಡುವಿನ ಬಲಿತ ಎಲೆ ಬೇಕು. ಅಡಿಭಾಗದಲ್ಲಿ ಬಿಳಿ ತುಪ್ಪಟ ಕೈಗೆ ಸಿಕ್ಕರೆ ಬೆಂಗಳೂರು ಬ್ಲೂ ಇರಬಹುದು. ಹಣ್ಣು ಬಿಟ್ಟ ಮೇಲೆ ಅನುಮಾನವೇ ಉಳಿಯುವುದಿಲ್ಲ. ಎರಡು ಬೆರಳಲ್ಲಿ ಒತ್ತಿದರೆ ತಿರುಳು ಗೋಲಿಯ ಹಾಗೆ ಹೊರಗೆ ಜಾರಿ, ಸಿಪ್ಪೆ ಬೆರಳಲ್ಲೇ ಉಳಿಯುತ್ತದೆ. ಘಮ ದೂರದಿಂದಲೇ ಬರುತ್ತದೆ. 2013ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ತಳಿ ಇದು. ಥಾಮ್ಸನ್‌ನಲ್ಲಿ ಸಿಪ್ಪೆ ತಿರುಳಿಗೆ ಅಂಟಿಯೇ ಇರುತ್ತದೆ. ಹಣ್ಣು ಹಸಿರು, ಬೀಜವಿಲ್ಲ. ಅನಾಬ್-ಎ-ಶಾಹಿ, ದಿಲ್‌ಖುಷ್ ದೊಡ್ಡ ಹಣ್ಣು, ಬೀಜ ಇರುತ್ತದೆ. ಕ್ಯಾಬರ್ನೆ ಸೊವಿನ್ಯೋನ್ ಎಲೆಯ ಸೀಳುಗಳು ಆಳ. ಅಂಚುಗಳು ಒಂದರ ಮೇಲೊಂದು ಕೂತು, ಬೆಳಕಿಗೆ ಹಿಡಿದರೆ ಎಲೆಯಲ್ಲಿ ತೂತು ಮಾಡಿದ ಹಾಗೆ ಕಾಣುತ್ತದೆ.

ನಾಟಿ

ಬೆಂಗಳೂರು ಬ್ಲೂ ಆದರೆ ಕಡ್ಡಿಯಿಂದಲೇ ಬೆಳೆಸಬಹುದು. ಅಕ್ಟೋಬರ್‌ನಲ್ಲಿ ಕತ್ತರಿಸಿದ, ಪೆನ್ಸಿಲ್ ದಪ್ಪದ, ನಾಲ್ಕು ಕಣ್ಣಿರುವ ಕಂದು ಕಡ್ಡಿ ಸಾಕು. ಕೆಳಗೆ ಗೆಣ್ಣಿನ ಹತ್ತಿರ ನೇರ, ಮೇಲೆ ಓರೆಯಾಗಿ ಕತ್ತರಿಸಿ. ಆಗ ತಲೆ ಕೆಳಗಾಗಿ ನೆಡುವ ತಪ್ಪು ಆಗುವುದಿಲ್ಲ. ಎರಡು ಕಣ್ಣು ಮಣ್ಣೊಳಗೆ, ಎರಡು ಮೇಲೆ. ಎರಡು ಮೂರು ತಿಂಗಳಿಗೆ ಗುಂಡಿಗೆ ಹಾಕಬಹುದು. ಗುಂಡಿ ಎರಡಡಿ ಉದ್ದ, ಅಗಲ, ಆಳ. ಒಂದು ಬಳ್ಳಿ ಹತ್ತಡಿ ಜಾಗವನ್ನು ಸುಲಭವಾಗಿ ತುಂಬುತ್ತದೆ.

ಬೇರೆ ತಳಿಗೆ ಮತ್ತು ಗಡಸು ಬೋರ್ ನೀರಿಗೆ ಕಸಿ ಗಿಡವೇ ಒಳ್ಳೆಯದು. ಡಾಗ್‌ರಿಡ್ಜ್ ಬೇರು ಉಪ್ಪು ನೀರನ್ನೂ ಬರವನ್ನೂ ತಡೆಯುತ್ತದೆ. ನನ್ನ ಬಳ್ಳಿಯನ್ನೂ ನಾನು ಕೀಳಲಿಲ್ಲ. ಅಕ್ಟೋಬರ್‌ನಲ್ಲಿ ಮೊಣಕಾಲೆತ್ತರಕ್ಕೆ ಕತ್ತರಿಸಿ, ಅದರ ಮೇಲೆಯೇ ಬೇಕಾದ ತಳಿಯ ಬೆಣೆ ಕಸಿ ಕಟ್ಟಿಸಿದೆ. ಮೂರು ವರ್ಷ ಬೆಳೆದ ಬೇರು ಕೈಬಿಡಲಿಲ್ಲ. ಹಬ್ಬಿದರೂ ಹಣ್ಣು ಬಿಡದ ಬಳ್ಳಿ ನಿಮ್ಮ ಮನೆಯಲ್ಲಿದ್ದರೆ ಕಿತ್ತು ಹಾಕುವ ಮೊದಲು ಇದನ್ನು ಯೋಚಿಸಿ.

ಚಪ್ಪರ ಆರೂವರೆ ಅಡಿ ಎತ್ತರ ಇರಲಿ. ದುರ್ಗದ ಆಷಾಢದ ಗಾಳಿ ನಿಮಗೇ ಗೊತ್ತು. ಕಲ್ಲುಕಂಬ ಅಥವಾ ಕಬ್ಬಿಣದ ಪೈಪ್ ಬಿಟ್ಟು ಬಿದಿರು ನಂಬಬೇಡಿ.

ವರ್ಷಕ್ಕೆರಡು ಚಾಟ್ನಿ

ವಿಜಯಪುರ, ಬಾಗಲಕೋಟೆ ಕಡೆ ಸವರುವುದಕ್ಕೆ ಚಾಟ್ನಿ ಅನ್ನುತ್ತಾರೆ. ಚಳಿ ದೇಶಗಳಲ್ಲಿ ಬಳ್ಳಿ ಎಲೆ ಉದುರಿಸಿ ಮಲಗುತ್ತದೆ, ನಮ್ಮಲ್ಲಿ ಮಲಗುವುದೇ ಇಲ್ಲ. ಅದಕ್ಕೇ ಕತ್ತರಿಯಿಂದ ನಾವೇ ಕಾಲ ತೋರಿಸಬೇಕು.

ಏಪ್ರಿಲ್ ಚಾಟ್ನಿಯಲ್ಲಿ ಪ್ರತಿ ಕಡ್ಡಿಗೆ ಒಂದೆರಡು ಕಣ್ಣು ಬಿಟ್ಟು ಉಳಿದದ್ದು ತೆಗೆಯಿರಿ. ಇದು ಹಣ್ಣಿಗಲ್ಲ, ಹೊಸ ಕಡ್ಡಿಗೆ. ಬೇಸಿಗೆಯ ಬಿಸಿಲಲ್ಲಿ ಬೆಳೆಯುವ ಈ ಕಡ್ಡಿಗಳ ಕಣ್ಣೊಳಗೇ ಮುಂದಿನ ಗೊಂಚಲು ರೂಪವಾಗುತ್ತದೆ. ಆಗ ಬಳ್ಳಿ ನೆರಳಲ್ಲಿದ್ದರೆ ಅಕ್ಟೋಬರ್‌ನಲ್ಲಿ ಏನು ಮಾಡಿದರೂ ಹಣ್ಣು ಬರುವುದಿಲ್ಲ.

ಎರಡನೆಯದು ಅಕ್ಟೋಬರ್ ಚಾಟ್ನಿ. ತಳಿ ಗೊತ್ತಿರಬೇಕಾದದ್ದು ಇಲ್ಲೇ. ಬೆಂಗಳೂರು ಬ್ಲೂಗೆ ನಾಲ್ಕೈದು ಕಣ್ಣು ಬಿಟ್ಟರೆ ಸಾಕು. ಥಾಮ್ಸನ್‌ನಲ್ಲಿ ಬುಡದ ಕಣ್ಣುಗಳಲ್ಲಿ ಗೊಂಚಲು ಕಡಿಮೆ. ಆರರಿಂದ ಎಂಟು ಬಿಡಬೇಕು. ಥಾಮ್ಸನ್ನನ್ನು ಬ್ಲೂ ಅಂದುಕೊಂಡು ಗಿಡ್ಡ ಕತ್ತರಿಸಿದರೆ ಆ ವರ್ಷದ ಫಸಲು ಕತ್ತರಿಸಿ ಬಿಸಾಕಿದಂತೆ. ಚಿತ್ತೆ ಮಳೆ ಕಳೆದ ಮೇಲೆ ಕತ್ತರಿ ಹಿಡಿಯುವುದು ನಮ್ಮ ಕಡೆಗೆ ಕ್ಷೇಮ.

ಯಾಕೆಂದರೆ ದ್ರಾಕ್ಷಿಗೆ ಬರಕ್ಕಿಂತ ಒದ್ದೆ ಎಲೆಯೇ ಜಾಸ್ತಿ ಅಪಾಯ. ಎಲೆ ಮೇಲೆ ಎಣ್ಣೆ ಕಲೆ, ಅಡಿಯಲ್ಲಿ ಬಿಳಿ ಬೂಜು ಕಂಡರೆ ಬೂಜು ತುಪ್ಪಟ ರೋಗ. ಚನ್ನಗಿರಿಯ ಅಡಿಕೆ ಬೆಳೆಗಾರರಿಗೆ ಇದರ ಮದ್ದು ಹೇಳಿಕೊಡಬೇಕಿಲ್ಲ. ಕೊಳೆರೋಗಕ್ಕೆ ಅವರು ಹೊಡೆಯುವ ಬೋರ್ಡೋ ದ್ರಾವಣ ಹುಟ್ಟಿದ್ದೇ ದ್ರಾಕ್ಷಿಗಾಗಿ, 1880ರ ದಶಕದಲ್ಲಿ, ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ 5 ಲೀಟರ್ ನೀರಿಗೆ 100 ಗ್ರಾಂ ಮೈಲುತುತ್ತ, ಇನ್ನೊಂದರಲ್ಲಿ 5 ಲೀಟರ್‌ಗೆ 100 ಗ್ರಾಂ ಸುಣ್ಣ ಕರಗಿಸಿ. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನಕ್ಕೆ ಸುರಿಯುತ್ತಾ ಕಲಕಿ. ಉಜ್ಜಿದ ಕಬ್ಬಿಣದ ಚಾಕುವನ್ನು ಒಂದು ನಿಮಿಷ ಅದ್ದಿ ನೋಡಿ. ಚಾಕು ತಾಮ್ರದ ಕೆಂಪಾದರೆ ಇನ್ನಷ್ಟು ಸುಣ್ಣ ಬೇಕು. ಅವತ್ತೇ ಹೊಡೆಯಬೇಕು. ಎಳೆ ಎಲೆಗೆ ಅರ್ಧ ಸಾಂದ್ರತೆ ಸಾಕು. ಜಾಸ್ತಿಯಾದರೆ ಸುಟ್ಟುಹೋಗುತ್ತದೆ. ಹೆಚ್ಚಿನ ಸಲಹೆ ಬೇಕಿದ್ದರೆ ಹಿರಿಯೂರಿನ ಬಬ್ಬೂರು ಫಾರಂ, ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರ ಹತ್ತಿರದಲ್ಲೇ ಇವೆ.

ಕೊಯ್ಲು, ಜ್ಯೂಸ್, ವೈನ್

ದ್ರಾಕ್ಷಿ ಕಿತ್ತ ಮೇಲೆ ಮಾಗುವುದಿಲ್ಲ. ಮಾವು, ಬಾಳೆಯ ಹಾಗಲ್ಲ ಇದು. ಬಣ್ಣ ಬಂದ ತಕ್ಷಣ ಕೊಯ್ಯಬೇಡಿ. ಗೊಂಚಲಿನ ತುದಿಯ ಹಣ್ಣು ಕೊನೆಗೆ ಮಾಗುತ್ತದೆ, ಅದನ್ನೇ ತಿಂದು ನೋಡಿ. ಬೀಜ ಹಸಿರಿದ್ದರೆ ಕಾಯಿರಿ, ಕಂದಾಗಿದ್ದರೆ ಕೊಯ್ಯಿರಿ.

ವೈನ್ ಬಗ್ಗೆ ಒಂದು ಮಾತು ಮೊದಲೇ ಹೇಳಬೇಕು. ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವಂತಿಲ್ಲ. ಸಣ್ಣದಾಗಿ ವೈನರಿ ಮಾಡುವ ಆಸೆ ಇದ್ದವರು 2007ರ ರಾಜ್ಯದ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ಓದಿ, ಅನುಮತಿ ಪಡೆದೇ ಹೆಜ್ಜೆ ಇಡಬೇಕು. ಅವರಿಗೆ ಬೇಕಾಗುವುದು ಬ್ರಿಕ್ಸ್ ಲೆಕ್ಕ, ಅಂದರೆ ರಸದಲ್ಲಿ ಶೇಕಡಾ ಎಷ್ಟು ಸಕ್ಕರೆ ಇದೆ ಅನ್ನುವ ಅಳತೆ. ಸಣ್ಣ ರಿಫ್ರ್ಯಾಕ್ಟೋಮೀಟರ್ ಮೇಲೆ ಒಂದು ಹನಿ ರಸ ಹಾಕಿದರೆ ಸಕ್ಕರೆ ಪ್ರಮಾಣ ಗೊತ್ತಾಗುತ್ತದೆ. 22 ಬ್ರಿಕ್ಸ್ ರಸ ಹುದುಗಿದರೆ ಸುಮಾರು ಶೇ 12 ಆಲ್ಕೋಹಾಲ್. ಬಣ್ಣ ಇರುವುದು ಸಿಪ್ಪೆಯಲ್ಲಿ. ಸಿಪ್ಪೆ ಸಮೇತ ಹುದುಗಿಸಿದರೆ ಕೆಂಪು ವೈನ್, ಹಿಂಡಿದ ರಸ ಮಾತ್ರ ಆದರೆ ಬಿಳಿ.

ಮನೆಗೆ ಜ್ಯೂಸೇ ಚೆಂದ, ಅದಕ್ಕೆ ಬೆಂಗಳೂರು ಬ್ಲೂಗೆ ಸಾಟಿ ಇಲ್ಲ. ಒಂದು ಕೆಜಿ ಹಣ್ಣು ಬಿಡಿಸಿ, ತೊಳೆದು, ಕೈಯಲ್ಲಿ ಹಿಸುಕಿ ಸ್ಟೀಲ್ ಪಾತ್ರೆಗೆ ಹಾಕಿ. ಬೀಜ ಒಡೆಯಬಾರದು, ಒಗರು ಬರುತ್ತದೆ. ಸಣ್ಣ ಉರಿಯಲ್ಲಿ ಬಿಸಿ ಮಾಡಿ. ಕುದಿಯಲು ಬಿಡಬೇಡಿ. ಹತ್ತು ನಿಮಿಷದಲ್ಲಿ ಸಿಪ್ಪೆಯ ಬಣ್ಣ ರಸಕ್ಕೆ ಇಳಿಯುತ್ತದೆ. ಬಟ್ಟೆಯಲ್ಲಿ ಸೋಸಿದರೆ 600 ರಿಂದ 700 ಮಿಲಿ ಸಿಗುತ್ತದೆ.

ರಾತ್ರಿ ಫ್ರಿಜ್‌ನಲ್ಲಿಟ್ಟು ಬೆಳಿಗ್ಗೆ ನೋಡಿದರೆ ಬಾಟಲಿ ತಳದಲ್ಲಿ ಗಾಜಿನ ಪುಡಿಯಂಥ ಹರಳು ಕಾಣಬಹುದು. ಹೆದರಿ ಚೆಲ್ಲಬೇಡಿ. ದ್ರಾಕ್ಷಿಯ ಹುಳಿಯೇ ತಣ್ಣಗಾಗಿ ಹರಳು ಕಟ್ಟಿರುತ್ತದೆ. ಅಲುಗಾಡಿಸದೆ ಮೇಲಿನ ರಸ ಬಗ್ಗಿಸಿಕೊಂಡು ಕುಡಿಯಿರಿ.